ದುರುಗಕ್ಕನ ತಲೆಯ ಮೇಲಿನ ಆಣೆಗಳು

ದುರುಗಕ್ಕ ದೇವತೆಯಂಥವಳು ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ದೇವತೆಗೆ ಸೊಂಟ ನೋಯುತ್ತದೆಯೇ? ದೇವತೆ ಮಟಮಟ ಮಧ್ಯಾಹ್ನ ಗೋಡೆಗೆ ಒರಗಿ ಕಾಲು ಚಾಚಿಕೊಂಡು, "ಸಾಕಾಗೈತೆ ಕಣೇ ಚೌಡಿ, ಈ ಗಂಡಸರ ಸಹವಾಸ" ಎನ್ನುತ್ತಾಳೆಯೇ? ಅವಳೊಂದಿಗೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಬಾಳಿದವಳು ನಾನು. ಅವಳು ದೇವತೆಯಲ್ಲ, ನನ್ನ ಗಂಡನ ಅಕ್ಕ. ಬಿಳಿಚೋಡಿನಲ್ಲಿ ಹುಟ್ಟಿ, ನ್ಯಾಮತಿ ಕಡೆಗೆ ಮದುವೆಯಾಗಿ ಹೋಗಿ, ಗಂಡನನ್ನು ಸಾರಾಯಿಗೆ ಕಳೆದುಕೊಂಡು ಮತ್ತೆ ಬಿಳಿಚೋಡಿಗೇ ಬಂದವಳು. ಮಕ್ಕಳಿರಲಿಲ್ಲ. ಬರುವಾಗ ಒಂದು ಟ್ರಂಕು, ಒಂದು ರಾಟೆ ತಂದಿದ್ದಳು. ಟ್ರಂಕಿನಲ್ಲಿ ಏನೂ ಇರಲಿಲ್ಲ.

ಗಂಡನ ಹೆಸರನ್ನು ಹೆಂಡತಿ ಹೇಳಬಾರದು. ನನ್ನ ಪಾಲಿಗೆ ಆ ಮರ್ಯಾದೆ ಎಂದೋ ಹೋಯಿತು ಬಿಡಿ, ಸಾರಾಯಿ ಅಂಗಡಿಯ ಮುಂದೆ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದೇನೆ. ದಾಸಪ್ಪ. ಕಂಬಳಿ ನೇಯುವುದರಲ್ಲಿ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಆತನನ್ನು ಮೀರಿಸುವವರಿರಲಿಲ್ಲ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರೆ ತಲೆ ಎತ್ತುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತು ಬಂತೆಂದರೆ ಯಾರೋ ಕರೆದ ಹಾಗೆ ಎದ್ದು ಹೋಗುತ್ತಿದ್ದ. ಬರುವಾಗ ಬೇರೆಯೇ ಮನುಷ್ಯ. ಹೊಡೆಯುವವನಲ್ಲ, ಬಯ್ಯುವವನೂ ಅಲ್ಲ. ಅಂಗಳದಲ್ಲಿ ಕೂತು ಅಳುತ್ತಿದ್ದ. ಹೊಡೆದಿದ್ದರೆ ತಿರುಗಿ ನಾನೂ ಎರಡು ಬಿಡುತ್ತಿದ್ದೆ. ಅಳುವ ಗಂಡಸನ್ನು ಏನು ಮಾಡುವುದು ಹೇಳಿ.

ಇದು ಎಪ್ಪತ್ತೈದರ ಆಚೀಚಿನ ಮಾತು. ಒಂದು ಸಂಜೆ ನಾನು ಅಂಗಡಿಯ ಮುಂದೆ ನಿಂತು ಆತನ ವಂಶವನ್ನೆಲ್ಲ ಜಾಲಾಡುತ್ತಿದ್ದಾಗ ದುರುಗಕ್ಕ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

"ಬೈದ್ರೆ ಬಿಡಂಗಿದ್ರೆ ನಮ್ಮ ಯಜಮಾನ್ರು ಇವತ್ತಿಗೂ ಇರ್ತಿದ್ರು. ನಾನೇನು ಕಡಿಮೆ ಬೈದೀನಾ?" ಎಂದಳು.

"ಮತ್ತೆ ಏನು ಮಾಡ್ಲಿ? ಆರತಿ ಎತ್ಲಾ?"

"ಆ ಹೊತ್ತಿನಾಗೆ ಒಬ್ನೇ ಇರಾಕೆ ಬಿಡಬಾರ್ದು. ಅಷ್ಟೇ ನಂಗೆ ಗೊತ್ತಿರೋದು."

ಅವಳಿಗೆ ಗೊತ್ತಿದ್ದುದು ನಿಜವಾಗಿಯೂ ಅಷ್ಟೇ. ಕಂಬಳಿ ನೇಯುವ ಮೊದಲು ಉಣ್ಣೆಯ ನೂಲನ್ನು ಬೀದಿಯುದ್ದಕ್ಕೆ ಗೂಟಗಳ ನಡುವೆ ಬಿಗಿದು, ಹುಣಸೆ ಬೀಜದ ಗಂಜಿ ಬಳಿದು ಒಣಗಿಸಬೇಕು. ಇಲ್ಲದಿದ್ದರೆ ನೂಲು ಮಗ್ಗದ ಮೇಲೆ ಪಟಪಟ ಹರಿಯುತ್ತದೆ. ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಆಚೆ ಒಬ್ಬರು, ಈಚೆ ಒಬ್ಬರು ಕುಂಚ ಹಿಡಿದು ಒಂದೇ ಸಮನೆ ಹೆಜ್ಜೆ ಇಡಬೇಕು. ಒಬ್ಬರು ಹಿಂದೆ ಬಿದ್ದರೆ ಗಂಜಿ ಗಂಟುಗಟ್ಟುತ್ತದೆ. ಬೆಳಗಿನ ಈ ಕೆಲಸಕ್ಕೆ ಹಿಂದಿನ ಸಂಜೆಯೇ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಬೇಕು. ದುರುಗಕ್ಕ ಏನು ಮಾಡಿದಳೆಂದರೆ, ಸಾರಾಯಿ ಅಂಗಡಿ ತುಂಬುವ ಹೊತ್ತಿಗೆ ಸರಿಯಾಗಿ ತಮ್ಮನ ಮುಂದೆ ಒಂದು ಮೊರ ಹುರಿದ ಬೀಜ ಸುರಿದು ತಾನೂ ಎದುರಿಗೆ ಕೂತಳು. ಎದ್ದರೆ ಎದ್ದಳು, ಕೂತರೆ ಕೂತಳು. ಆತ ಬಚ್ಚಲಿಗೆ ಹೋದರೂ ಹೊರಗೆ ನಿಂತು ಕೆಮ್ಮುತ್ತಿದ್ದಳು.

ಮೊದಮೊದಲು ಆತನ ಕೈ ಎಷ್ಟು ನಡುಗುತ್ತಿತ್ತೆಂದರೆ ಬೀಜ ಅತ್ತಿತ್ತ ಸಿಡಿದು ಹೋಗುತ್ತಿದ್ದವು. ಬೆವರು, ವಾಂತಿ, ಇಲ್ಲದ ಇರುವೆಗಳನ್ನು ಮೈಮೇಲಿಂದ ಕೊಡವಿಕೊಳ್ಳುವುದು. ನೋಡಲಾರದೆ ನಾನು ಒಳಗೆ ಹೋಗಿ ಅತ್ತೆ. ದುರುಗಕ್ಕ ಅಳಲಿಲ್ಲ, ಬೆಲ್ಲದ ನೀರು ಕುಡಿಸಿದಳು, ಜಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೂಜಿ ಹಾಕಿಸಿದಳು, ಮತ್ತೆ ತಂದು ಮೊರದ ಮುಂದೆ ಕೂರಿಸಿದಳು. ಆತ ಬಿಟ್ಟ. ಹಿಡಿದ. ಮತ್ತೆ ಬಿಟ್ಟ. ನೋಡುತ್ತ ನೋಡುತ್ತ ಜಂಪಣ್ಣ ಬಂದು ಜಗಲಿಯ ಮೇಲೆ ಕೂತ. ಈ ಜಂಪಣ್ಣ ಕುರಿ ಮಂದೆಯವನು, ಕುಡಿತದಲ್ಲಿ ನಮ್ಮವರಿಗೆ ಗುರು. ಆಮೇಲೆ ಇನ್ನೂ ಕೆಲವರು. ನಮ್ಮ ಜಗಲಿ ಸಂಜೆಯಾದರೆ ಬೀಜ ಬಿಡಿಸುವ ಗಂಡಸರಿಂದ ತುಂಬಿತು. ಬಂದವರಿಗೆಲ್ಲ ಚಹಾ ಯಾರು ಮಾಡಬೇಕು? ನಾನೇ. ಹಾಲಿಲ್ಲದ ಚಹಾ ಕೊಟ್ಟರೆ ಮುಖ ಕಿವುಚುತ್ತಿದ್ದರು, ನಾಲಿಗೆ ಸುಡುವ ಸಾರಾಯಿ ಕುಡಿದು ಬದುಕಿದ ಮಹಾರಾಜರು!

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಊರಿನ ಹಿರಿಯರಿಗೆ ಇದನ್ನು ನೋಡಿ ಹುರುಪು ಬಂತು. ಕಾಳಿನ ವ್ಯಾಪಾರದ ಷಣ್ಮುಖಪ್ಪನವರು ಒಳ್ಳೆಯ ಮನುಷ್ಯರು, ಮಳೆಯಿಲ್ಲದ ನಮ್ಮೂರಲ್ಲಿ ವರ್ಷವಿಡೀ ಕೊಡೆ ಹಿಡಿದು ಓಡಾಡುವವರು. ಅವರು ಹೇಳಿದರು: "ಬೀಜ ಬಿಡಿಸಿದ್ರೆ ಕುಡಿತ ನಿಲ್ಲಲ್ಲ. ಬೀರಪ್ಪನ ಗುಡೀಲಿ ಭಂಡಾರ ಮುಟ್ಟಿ, ಮಕ್ಕಳ ತಲೆ ಮ್ಯಾಲೆ ಕೈ ಇಟ್ಟು ಆಣೆ ಮಾಡಸಾನ. ಆಗ ನೋಡ್ರಿ, ಯಾವನು ಮುಟ್ತಾನೆ."

ಭಂಡಾರವೆಂದರೆ ಗುಡಿಯ ಅರಿಸಿನದ ಪುಡಿ. ಅದನ್ನು ಮುಟ್ಟಿ ಆಡಿದ ಮಾತು ತಪ್ಪಿದರೆ ಯಾರ ತಲೆಯ ಮೇಲೆ ಕೈ ಇಟ್ಟಿರುತ್ತಾರೋ ಅವರಿಗೆ ತಗಲುತ್ತದೆ ಎಂಬುದರಲ್ಲಿ ನಮ್ಮ ಕಡೆ ಯಾರಿಗೂ ಅನುಮಾನವಿಲ್ಲ. ನನಗೂ ಇರಲಿಲ್ಲ. ಒಂದು ಸೋಮವಾರ ಡೊಳ್ಳು ಬಡಿಸಿ, ಪೂಜಾರಿ ಗಿಡ್ಡಪ್ಪ ಗಂಟೆ ಬಾರಿಸಿ, ಎಲ್ಲರಿಂದ ಆಣೆ ಮಾಡಿಸಿದರು. ನಮ್ಮವರು ನಮ್ಮ ಒಬ್ಬಳೇ ಮಗಳು ಗಿಡ್ಡಮ್ಮನ ತಲೆಯ ಮೇಲೆ ಕೈ ಇಟ್ಟು, "ಇನ್ನು ಮುಟ್ಟಲ್ಲ" ಎಂದರು. ಹೆಂಗಸರೆಲ್ಲ ಸಂತೋಷಕ್ಕೆ ಕಣ್ಣೀರು ಹಾಕಿದೆವು. ದುರುಗಕ್ಕ ಒಬ್ಬಳೇ ಕಂಬಕ್ಕೆ ಒರಗಿ ಮುಖ ಗಂಟು ಹಾಕಿಕೊಂಡು ನಿಂತಿದ್ದಳು.

"ಆ ಸಣ್ಣ ಮಗೀನ ತಲೆ ಯಾಕೆ ಬೇಕಿತ್ತು ಇದಕ್ಕೆ?" ಎಂದಳು ದಾರಿಯಲ್ಲಿ.

"ಒಳ್ಳೇದಾಗೋವಾಗ ಅಪಶಕುನ ಆಡಬೇಡ ನೀನು" ಎಂದೆ.

ಆ ಮಳೆಗಾಲ, ಆ ಸುಗ್ಗಿ ನಿಜವಾಗಿಯೂ ಸುಖವಾಗಿದ್ದೆವು. ಆಣೆಯಾದ ಮೇಲೆ ಜಗಲಿಯ ಮೇಲೆ ಕೂರುವುದು ಯಾಕೆ ಎಂದು ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಜಗಲಿ ಖಾಲಿಯಾಯಿತು, ನನಗೆ ಚಹಾದ ಕೆಲಸ ತಪ್ಪಿತು. ಸುಗ್ಗಿ ಮುಗಿದ ಮೇಲೆ ನಮ್ಮವರು ಕಂಬಳಿ ಗಂಟು ಹೊತ್ತು ಜಗಳೂರು ಸಂತೆಗೆ ಹೋದರು. ಸಂಜೆ ಬಸ್ಸಿಗೆ ಬರಲಿಲ್ಲ. ಮರುದಿನ ಜಂಪಣ್ಣ ಆ ಗಂಟನ್ನು ತಂದು ಜಗಲಿಯ ಮೇಲೆ ಇಟ್ಟ. ಕಣ್ಣೆತ್ತಿ ನೋಡಲಿಲ್ಲ.

"ಕುಡದಾನೆ ಕಣವ್ವ. ಸಂತೇಲಿ ಯಾರೋ ಹಳೇ ದೋಸ್ತು ಸಿಕ್ಕಿದ್ನಂತೆ. ನಾನು ಬಾ ಅಂದೆ. ಮನೆಗೆ ಬರಲ್ಲ ಅಂದ. ನಾನು ಹೊಸ್ತಿಲು ದಾಟಿದ್ರೆ ಆಣೆ ನನ್ನ ಬೆನ್ನಿಗೇ ಬಂದು ಮಗೀಗೆ ತಗಲ್ತತೆ, ದೂರಾನೇ ಇರ್ತೀನಿ ಅಂದ."

ನೋಡಿ, ಮನೆ ಉಳಿಯಲೆಂದು ಮಾಡಿಸಿದ ಆಣೆ. ಕುಡಿದು ಮನೆಗೆ ಬಂದು ಅಂಗಳದಲ್ಲಿ ಅಳುತ್ತಿದ್ದವನು ಈಗ ಮನೆಗೇ ಬರದಂತಾದ. ಅದೇ ವಾರ ಗಿಡ್ಡಿಗೆ ಜ್ವರ ಬಂತು. ಅಯ್ಯೋ, ಆ ದಿನಗಳು ನನ್ನ ಶತ್ರುವಿಗೂ ಬೇಡ. ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ನೋಡಲು ಬಂದವರು ಬಾಯಿ ಬಿಟ್ಟು ಏನೂ ಹೇಳದಿದ್ದರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮಾತ್ರೆಗೆ ಜ್ವರ ಇಳಿಯಿತು. ನನ್ನ ಭಯ ಇಳಿಯಲಿಲ್ಲ. ಗಂಡ ಬಂದರೆ ಮಗಳು ಹೋಗುತ್ತಾಳೆ, ಬರದಿದ್ದರೆ ಆತನೇ ಎಲ್ಲೋ ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಸಾಯುತ್ತಾನೆ. ಯಾವುದನ್ನು ಬೇಡಿಕೊಳ್ಳಲಿ?

ದುರುಗಕ್ಕ ಆ ಕಂಬಳಿ ಗಂಟನ್ನೇ ಹೊತ್ತುಕೊಂಡು ಹೊರಟಳು. ಮಾರುವ ನೆಪ, ಹುಡುಕುವ ಕೆಲಸ. ಸುಗ್ಗಿಯಾದ ಮೇಲೆ ನಮ್ಮ ಕಡೆಯ ಕುರಿಯವರು ಮಂದೆ ಹೊಡೆದುಕೊಂಡು ಚನ್ನಗಿರಿ, ಹೊನ್ನಾಳಿ ಸೀಮೆಗೆ ಹೋಗುತ್ತಾರೆ. ಅಲ್ಲಿನ ಗದ್ದೆಯವರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಮಲಗಿಸಿಕೊಂಡು ಕಾಳು ಕೊಡುತ್ತಾರೆ. ಊರು ಬಿಟ್ಟ ತಮ್ಮ ಹೋದರೆ ಆ ಮಂದೆಗಳ ಹಿಂದೆಯೇ ಹೋಗಬೇಕು ಎಂಬುದು ಅವಳ ಲೆಕ್ಕ. ಹೊನ್ನಾಳಿ ಸಂತೆಯಲ್ಲಿ ಕೇಳಿದಳು. ನ್ಯಾಮತಿಯಲ್ಲಿ ಗಂಡನ ಮನೆಯವರ ಬಾಗಿಲಿಗೂ ಹೋದಳು, ಅವರು ನೀರು ಕೊಟ್ಟು ಕಳಿಸಿದರಂತೆ. ಸೂರಗೊಂಡನಕೊಪ್ಪದ ದಾರಿಯಲ್ಲಿ ನಮ್ಮ ಸೀಮೆಯ ಒಂದು ಮಂದೆ ಎದುರಾಯಿತು. ಅವರು ಇನ್ನೊಂದು ಮಂದೆಯ ಕಡೆ ಕೈ ತೋರಿಸಿದರು. ಕೊನೆಗೆ ಕೆರೆಬಿಳಚಿಯ ಒಂದು ಗದ್ದೆಯಲ್ಲಿ, ಕುರಿಗಳ ಮಧ್ಯೆ, ಹರಕು ಕಂಬಳಿ ಹೊದ್ದು ಕೂತ ತಮ್ಮ ಸಿಕ್ಕ. ಹಗಲು ಕುರಿ, ಸಂಜೆ ಸಾರಾಯಿ. ಕುರಿಯವರು ಪಾಪ ಮುದ್ದೆ ಹಾಕಿ ಇಟ್ಟುಕೊಂಡಿದ್ದರು.

ಅವಳು ಬರಿಗೈಯಲ್ಲಿ ಹಿಂದಿರುಗಿದಾಗ ನನಗೆ ತಡೆಯಲಾಗಲಿಲ್ಲ.

"ಕಂಡು ಬಿಟ್ಟು ಬಂದ್ಯಾ? ಕೈ ಹಿಡಿದು ಎಳಕೊಂಡು ಬರಾಕೆ ಏನಾಗಿತ್ತು ನಿಂಗೆ?"

"ಎಳದ್ರೆ ಬರ್ತಾನೆ ಕಣೇ. ಬಂದು ದಿನಾ ಮಗೀನ ಮುಖ ನೋಡಿ ನೋಡಿ ಹೆದರ್ಕೊಂಡು ಸಾಯ್ತಾನೆ. ಇಲ್ಲಾಂದ್ರೆ ಇನ್ನೂ ಜಾಸ್ತಿ ಕುಡೀತಾನೆ." ಅವಳ ಕಾಲು ಊದಿಕೊಂಡಿದ್ದವು. ಬಿಸಿನೀರು ಕೇಳಿದಳು, ಕೊಟ್ಟೆ. "ಮೊದ್ಲು ಆ ಆಣೆ ಮಗೀನ ತಲೆಯಿಂದ ಇಳಿಸಬೇಕು" ಎಂದಳು.

ಮರುದಿನ ಗುಡಿಯಲ್ಲಿ ಹಿರಿಯರನ್ನು ಸೇರಿಸಿದಳು. ಹೆಂಗಸು ಪಂಚಾಯಿತಿ ಕರೆದದ್ದು ನಮ್ಮೂರಲ್ಲಿ ಅದೇ ಮೊದಲು. ಷಣ್ಮುಖಪ್ಪನವರು ಕೊಡೆ ಮಡಚಿ ಕೂತು, "ಇಟ್ಟ ಆಣೆ ಇಳಿಸಾಕೆ ಬರಲ್ಲ ದುರುಗಮ್ಮ. ಅಂಥ ಪದ್ಧತಿ ಇಲ್ಲ" ಎಂದರು.

"ಇಳಿಸಬ್ಯಾಡ್ರಿ. ಬದಲಾಯಿಸಿ." ಅವಳು ಪೂಜಾರಿಯ ಕಡೆ ತಿರುಗಿದಳು. "ಗಿಡ್ಡಪ್ಪಣ್ಣ, ತಾಯಿ ಹೊತ್ತ ಹರಕೆ ಮಗ ತೀರಿಸಿದ್ರೆ ಬೀರಪ್ಪ ಒಪ್ಕಂತಾನೋ ಇಲ್ವೋ?"

"ಒಪ್ಕಂತಾನೆ. ಎಷ್ಟೋ ಜನ ತೀರಿಸ್ಯಾರೆ."

"ಹಂಗಾದ್ರೆ ಒಬ್ರ ತಲೆ ಮ್ಯಾಲಿನದು ಇನ್ನೊಬ್ರು ಹೊತ್ರೆ ಯಾಕೆ ಒಪ್ಪಲ್ಲ? ನಂಗೆ ಹಿಂದಿಲ್ಲ, ಮುಂದಿಲ್ಲ. ದಾಸನದು, ಜಂಪಣ್ಣಂದು, ಎಲ್ಲಾರದೂ ನನ್ನ ತಲೆ ಮ್ಯಾಲೆ ಹಾಕಿ. ಯಾವ ಮಗಾನಾದ್ರೂ ತಪ್ಪಲಿ, ನಂಗೆ ತಗಲಲಿ. ಆದ್ರೆ ತಪ್ಪಿದೋನು ಅವತ್ತೇ ಮನೆಗೆ ಬರಬೇಕು. ಬಂದು, ತಪ್ಪೀನಿ ಅನ್ನಬೇಕು. ಇದೂ ಆಣೆ."

ಗಿಡ್ಡಪ್ಪ ಹಿರಿಯರ ಕಡೆ ನೋಡಿದ, ದೇವರ ಕಡೆ ನೋಡಿದ, ಆಮೇಲೆ ಬೊಗಸೆ ತುಂಬ ಭಂಡಾರ ತಂದು ಅವಳ ತಲೆಯ ಮೇಲೆ ಸುರಿದ. ಷಣ್ಮುಖಪ್ಪನವರು ತಲೆ ತಗ್ಗಿಸಿ ಕೈ ಮುಗಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ದುರುಗಕ್ಕ ತಲೆ ಕೊಡವಲಿಲ್ಲ. ಒಂದಿಷ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಊದಿದ ಕಾಲಿನಲ್ಲೇ ಮತ್ತೆ ಕೆರೆಬಿಳಚಿಯ ಬಸ್ಸು ಹತ್ತಿದಳು. ಮರಳಿ ಬರುವಾಗ ಜೊತೆಗೆ ನಮ್ಮವರಿದ್ದರು. ಗಡ್ಡ ಬೆಳೆದಿತ್ತು, ಮೈ ಕುರಿ ವಾಸನೆ ಹೊಡೆಯುತ್ತಿತ್ತು. ಹೊಸ್ತಿಲ ಹೊರಗೆ ನಿಂತು ಅಕ್ಕನ ತಲೆ ನೋಡಿದರು. ಬೈತಲೆಯಲ್ಲಿ ಅರಿಸಿನ ಇನ್ನೂ ಹಳದಿಯಾಗಿಯೇ ಇತ್ತು. ಆಗ ಒಳಗೆ ಬಂದು ಮಗಳನ್ನು ಎತ್ತಿಕೊಂಡರು.

ಇಲ್ಲಿಗೆ ಕಥೆ ಮುಗಿದು ಎಲ್ಲರೂ ಸುಖವಾಗಿದ್ದರು ಎನ್ನುವ ಆಸೆ ನನಗೂ ಇದೆ. ಎಲ್ಲಿಯ ಸುಖ! ಜಗಲಿ ಮತ್ತೆ ತುಂಬಿತು, ನನ್ನ ಚಹಾದ ಪಾತ್ರೆ ಮತ್ತೆ ಒಲೆಯೇರಿತು. ತಪ್ಪಿದವನು ಬಂದು ತಲೆ ತಗ್ಗಿಸಿ ನಿಂತು, "ಅಕ್ಕಾ, ತಪ್ಪೀನಿ" ಎನ್ನುವುದು, ಅವಳು ಬಯ್ಯದೆ "ಕೂತ್ಕ" ಎನ್ನುವುದು. ಮರುದಿನ ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಗುಡಿಗೆ ಹೋಗಿ, ಇಡೀ ದಿನ ಉಣ್ಣದೆ ಇರುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ತಪ್ಪಿದವನನ್ನೇ ಅವತ್ತು ಗಂಜಿ ಬಳಿಯಲು ನೂಲಿನ ಆಚೆ ಬದಿಗೆ ನಿಲ್ಲಿಸುತ್ತಿದ್ದಳು. ಹಸಿದ ಹೆಂಗಸು ಈಚೆ, ನಡುಗುವ ಗಂಡಸು ಆಚೆ. ಇಬ್ಬರೂ ಒಂದೇ ಹೆಜ್ಜೆ ಇಡುತ್ತ ಬೀದಿಯುದ್ದಕ್ಕೆ ಹೋಗುವುದನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

"ಕುಡಿಯೋರು ಅವರು, ಉಪವಾಸ ನೀನು. ಇದ್ಯಾವ ನ್ಯಾಯ?" ಎಂದು ಕೇಳಿದ್ದೆ.

"ನ್ಯಾಯ ಅಂತ ಯಾರು ಅಂದ್ರು? ನಾನು ಉಂಡಿಲ್ಲ ಅಂತ ಗೊತ್ತಾದ್ರೆ ಮುಂದಿನ ಸಲ ಒಂದು ಗಳಿಗೆ ಯೋಚನೆ ಮಾಡ್ತಾನೆ. ಒಂದು ಗಳಿಗೆ ಸಿಕ್ರೆ ಸಾಕು, ಅಷ್ಟ್ರಾಗೆ ಜಗಲಿಗೆ ಬರಬೋದು."

ಎಲ್ಲರೂ ಉಳಿಯಲಿಲ್ಲ. ಜಂಪಣ್ಣ ಬಿಟ್ಟ, ಹಿಡಿದ, ಕೊನೆಗೆ ಹೊಟ್ಟೆ ಊದಿ ತೀರಿಕೊಂಡ. ಅವನ ಹೆಂಡತಿ ಸುಂಕಲಮ್ಮ ನಮ್ಮ ಅಂಗಳಕ್ಕೆ ಬಂದು, "ನಿನ್ನ ತಲೆ ಮ್ಯಾಲಿದ್ದ ಆಣೆ ಏನಾತು?" ಎಂದು ಮಣ್ಣು ತೂರಿದಳು. ದುರುಗಕ್ಕ ಮಣ್ಣು ಒರೆಸಿಕೊಳ್ಳಲಿಲ್ಲ, ಸುಂಕಲಮ್ಮನಿಗೆ ನೀರು ಕೊಟ್ಟಳು. ಆ ಮಧ್ಯಾಹ್ನವೇ ಅವಳು ಗೋಡೆಗೆ ಒರಗಿ, ಸಾಕಾಗೈತೆ ಕಣೇ ಚೌಡಿ ಎಂದದ್ದು. "ನಾಳೆ ಯಾರಾದ್ರೂ ಬಂದು ತಪ್ಪೀನಿ ಅಂದ್ರೆ ಎದ್ದು ಹೋಗು ಅಂತೀನಿ ನೋಡ್ತಿರು" ಎಂದಳು. ಸಂಜೆ ಮೊರ ಹಿಡಿದು ಮತ್ತೆ ಜಗಲಿಗೆ ಹೋದಳು.

ನಮ್ಮವರು ಮಾತ್ರ ಉಳಿದರು. ನಡುವೆ ಒಂದೆರಡು ಸಲ ಜಾರಿದರು, ಅವತ್ತೇ ಮನೆಗೆ ಬಂದರು. ಆಮೇಲೆ ವರ್ಷಗಟ್ಟಲೆ ಮುಟ್ಟಲಿಲ್ಲ. ಗಿಡ್ಡಿ ಬೆಳೆದು ನನ್ನೆತ್ತರಕ್ಕೆ ಬಂದಳು. ನನ್ನ ಗಂಟಲು ಕೂಡ ಕೂಗುವ ಅಭ್ಯಾಸ ಮರೆತಿತ್ತು.

ಎಂಬತ್ತಾರರ ಬೇಸಿಗೆಯಲ್ಲಿ ದುರುಗಕ್ಕ ಮಲಗಿದಳು. ದೊಡ್ಡ ಕಾಯಿಲೆ ಏನೂ ಇರಲಿಲ್ಲ. ದಣಿದಿದ್ದಳು, ಅಷ್ಟೇ. ಗೂಟಕ್ಕೆ ಕಟ್ಟಬೇಕೆಂದು ನೂಲು ಸುತ್ತಿ ಇಟ್ಟಿದ್ದಳು, ಕಟ್ಟಲಾಗಲಿಲ್ಲ. ಹೋಗುವ ಹಿಂದಿನ ದಿನ ನನ್ನ ಕೈ ಹಿಡಿದು, "ಚಹಾ ಮಾಡಿ ಮಾಡಿ ಸಾಕಾಗೈತೆ ಅಲ್ವಾ ನಿಂಗೆ?" ಎಂದು ನಕ್ಕಳು. ಮಣ್ಣಿಗೆ ಎಂಥೆಂಥ ಗಂಡಸರು ಬಂದಿದ್ದರೆಂದರೆ, ಹೊನ್ನಾಳಿಯ ಕಡೆಯಿಂದ ಮಂದೆ ಬಿಟ್ಟು ಬಂದವರೂ ಇದ್ದರು. ಹೆಂಗಸರಿಗಿಂತ ಜೋರಾಗಿ ಅವರೇ ಅತ್ತರು.

ಮೂರನೆಯ ದಿನ ಗೋರಿಗೆ ಹಾಲುತುಪ್ಪ ಬಿಟ್ಟು ಬಂದೆವು. ಅವತ್ತು ಸಂಜೆ ನಮ್ಮವರು ಜಗಲಿಯ ಮೇಲೆ ಇರಲಿಲ್ಲ. ಕತ್ತಲಾಯಿತು, ಬರಲಿಲ್ಲ. ನಾನು ಹುಡುಕಲು ಹೋಗಲಿಲ್ಲ, ಬೀಜ ಹುರಿದು ಬಿಡಿಸಿ ನೆನೆಹಾಕಿದೆ. ಎಲ್ಲಿ ಹೋಗಿದ್ದಾರೆ ಎಂಬುದು ನನಗೆ ಗೊತ್ತಿತ್ತು; ಬರುತ್ತಾರೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ. ಕೆರೆಬಿಳಚಿಯ ಗದ್ದೆಗೆ ಹೋಗಿ ಕರೆತರಲು ಈಗ ಯಾರಿದ್ದಾರೆ?

ಬೆಳಗಾಗಿ ಕದ ತೆಗೆದರೆ ಬೀದಿಯಲ್ಲಿ, ನೂಲು ಕಟ್ಟುವ ಗೂಟದ ಪಕ್ಕದಲ್ಲಿ ನಿಂತಿದ್ದರು. ಕಣ್ಣು ಕೆಂಪಗೆ, ಪಂಚೆಯೆಲ್ಲ ಮಣ್ಣು. ಸಾರಾಯಿ ವಾಸನೆ ಬಾಗಿಲಿಗೇ ಬರುತ್ತಿತ್ತು. ನನ್ನ ಗಂಟಲಿಗೆ ಹಳೆಯ ಕೂಗು ಬಂದು ಕೂತಿತು. ಹೊಡೆದೇ ಬಿಡಬೇಕೆನಿಸುವಷ್ಟು ಸಿಟ್ಟು, ಜೊತೆಗೇ ಬಂದಿದ್ದಾರಲ್ಲ ಎಂಬ ನೆಮ್ಮದಿ.

"ತಪ್ಪೀನಿ" ಎಂದರು.

"ಕಾಣ್ತೈತೆ. ಒಳಗೆ ಬರ್ರಿ."

ಬರಲಿಲ್ಲ. ಬಾವಿಗೆ ಹೋಗಲು ಒಳಗೆ ಕೊಡ ತೆಗೆದುಕೊಳ್ಳುತ್ತಿದ್ದ ಮಗಳ ಕಡೆ ನೋಡಿದರು.

"ಅಕ್ಕ ಹೋದ್ಲು. ಈಗ ಆ ಆಣೆ ಯಾರ ತಲೆ ಮ್ಯಾಲೈತೆ?"

ನನಗೆ ಅಷ್ಟು ಹೊತ್ತು ಅದು ಹೊಳೆದಿರಲಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ಆ ಕೆಲಸ ಬೇಕಿರಲಿಲ್ಲ. ದುರುಗಕ್ಕನ ಹಾಗೆ ತಾಳ್ಮೆಯವಳಲ್ಲ ನಾನು. ಸಾಕಾಗಿ ಹೋಗಿತ್ತು ನನಗೂ. ಗುಡಿಗೆ ಹೋಗಿ ಭಂಡಾರ ಸುರಿಸಿಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು? ಒಳಗೆ ಹೋಗಿ ದುರುಗಕ್ಕನ ಟ್ರಂಕಿನ ಮುಚ್ಚಳ ತೆಗೆದೆ. ಅವಳ ಹಳೆಯ ಸೀರೆಯ ಸೆರಗಿನ ತುದಿಯಲ್ಲಿ ಗಂಟು ಹಾಗೇ ಇತ್ತು. ಬಿಚ್ಚಿ, ಇದ್ದ ಚಿಟಿಕೆ ಅರಿಸಿನವನ್ನು ನೆತ್ತಿಗೆ ಹಚ್ಚಿಕೊಂಡು ಹೊರಗೆ ಬಂದೆ.

"ನಂಗೇನು ತಲೆ ಇಲ್ವಾ?" ಎಂದೆ. "ಬರ್ರಿ. ಅಕ್ಕ ಸುತ್ತಿಟ್ಟ ನೂಲು ಹಂಗೇ ಬಿದ್ದೈತೆ, ಬಿಸಿಲೇರೋದ್ರೊಳಗೆ ಬಳೀಬೇಕು."

ಅವರು ಆಚೆ ನಿಂತರು, ನಾನು ಈಚೆ. ಅವರ ಕುಂಚದಿಂದ ಗಂಜಿ ತೊಟ್ಟಿಕ್ಕಿ ಬೀದಿಯ ಮಣ್ಣಿಗೆ ಬೀಳುತ್ತಿತ್ತು. ಬಯ್ಯಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಅವರ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸಿದೆ. ಮಧ್ಯಾಹ್ನ ಗಿಡ್ಡಿ ಮುದ್ದೆ ಮಾಡಿ ಎಲ್ಲರಿಗೂ ತಟ್ಟೆ ಇಟ್ಟಳು.

"ಅವ್ವಾ, ಉಣ್ಣಾಕೆ ಬಾ" ಎಂದು ಕರೆದಳು.

"ನೀವು ಉಣ್ರಿ" ಎಂದೆ.

ಅವರು ತಟ್ಟೆಯ ಮುಂದೆ ಕೂತು ನನ್ನ ನೆತ್ತಿಯನ್ನೇ ನೋಡಿದರು. ಅವತ್ತು ನಾನು ಉಣ್ಣಲಿಲ್ಲ.